ಅಣ್ಣನನ್ನು ಸೆರೆಯಲ್ಲಿಟ್ಟ ಅರಸ

ಬಸವಕಲ್ಯಾಣಕ್ಕೆ ಹೋಗುವವರೆಲ್ಲ ಬಸವಣ್ಣನವರನ್ನು ನೆನೆದು ಹೋಗುತ್ತಾರೆ, ಅದು ಉಚಿತವೇ. ಆದರೆ ಆ ಮಹಾನುಭಾವರಿಗೆ ಮುನ್ನ ಅರ್ಧ ಶತಮಾನ ಕಾಲ (1076–1126) ಅಲ್ಲಿಂದ ನಾಡನ್ನಾಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ವಿಷಯದಲ್ಲಿ, ಪಠ್ಯಪುಸ್ತಕಗಳ ಹೊಗಳಿಕೆಯನ್ನಷ್ಟೇ ಒಪ್ಪಿ ಸುಮ್ಮನಿರಲು ನನ್ನ ಮನಸ್ಸು ಹಿಂಜರಿಯುತ್ತದೆ.

ತಂದೆ ಆಹವಮಲ್ಲ ಸೋಮೇಶ್ವರನು ವಾಸಿಯಾಗದ ವ್ಯಾಧಿಯಿಂದ ಬಳಲಿ, 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯನ್ನು ಹೊಕ್ಕು ದೇಹತ್ಯಾಗ ಮಾಡಿದಾಗ, ಸಿಂಹಾಸನವು ನ್ಯಾಯವಾಗಿ ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಸಂದಿತು. ಕಿರಿಯನಾದ ವಿಕ್ರಮನು ವಂಶದ ಹಗೆಯಾಗಿದ್ದ ಚೋಳ ವೀರರಾಜೇಂದ್ರನ ಮಗಳನ್ನು ವರಿಸಿ, ಸಾಮಂತರನ್ನು ಒಲಿಸಿಕೊಂಡು, 1076ರಲ್ಲಿ ಅಣ್ಣನನ್ನು ಗೆದ್ದು ಸೆರೆಯಲ್ಲಿಟ್ಟನು. ಅಣ್ಣನೂ ಕುಲೋತ್ತುಂಗ ಚೋಳನ ನೆರವನ್ನು ಪಡೆದಿದ್ದನೆಂಬುದನ್ನು ಮರೆಯಲಾಗದು. ಪಟ್ಟವೇರಿದ ವಿಕ್ರಮನು ಶಕವರ್ಷವನ್ನು ಬದಿಗಿಟ್ಟು ತನ್ನ ಹೆಸರಿನ ಹೊಸ ವರ್ಷಗಣನೆಯನ್ನೇ ತೊಡಗಿಸಿದನು.

ಇದಕ್ಕೆಲ್ಲ ಸಮರ್ಥನೆ ಒದಗಿಸಿದವನು ಕಾಶ್ಮೀರದಿಂದ ಬಂದ ಆಸ್ಥಾನಕವಿ ಬಿಲ್ಹಣ. ಅವನ ವಿಕ್ರಮಾಂಕದೇವಚರಿತದಲ್ಲಿ ಅಣ್ಣನು ದುಷ್ಟ. ತಮ್ಮನಿಗೆ ಶಿವನದೇ ಆಜ್ಞೆ. ಸೋತವನ ಪಕ್ಷದ ಕಾವ್ಯವೊಂದೂ ನಮಗೆ ದಕ್ಕಿಲ್ಲ. ಹುಮನಾಬಾದಿಗೆ ಸಮೀಪದ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯೂ ವಿಕ್ರಮನ ಸ್ತುತಿಯನ್ನೇ ಬರೆಯುತ್ತಿದ್ದಾಳೆ. (ಶಿಲ್ಪವೇನೋ ಅತಿ ಮನೋಹರ, ನೋಡದವರು ಹೋಗಿ ನೋಡಬೇಕು.)

ಅಣ್ಣನಿಗೆ ಮಾಡಿದ್ದನ್ನು ಅವನು ತಮ್ಮನ ಕೈಯಲ್ಲಿ ಉಣ್ಣಬೇಕಾಯಿತು: ಬನವಾಸಿಯನ್ನಾಳುತ್ತಿದ್ದ ಜಯಸಿಂಹನು 1083ರ ಸುಮಾರಿಗೆ ದಂಗೆಯೆದ್ದು ಸೋತನು. ಮುಂದೆ ಹೊಯ್ಸಳ ವಿಷ್ಣುವರ್ಧನನ ಬಂಡಾಯ, 1118ರ ಸುಮಾರಿಗೆ ವೆಂಗಿಯ ವಿಜಯ—ಯುದ್ಧಗಳ ಪಟ್ಟಿಯನ್ನು ಬೆಳೆಸುವುದು ನನಗೆ ರುಚಿಸದು.

ರುಚಿಸುವ ಸಂಗತಿ ಬೇರೆಯಿದೆ. ಅದೇ ಕಲ್ಯಾಣದಲ್ಲಿ, ಅದೇ ಅರಸನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು, ಅಣ್ಣತಮ್ಮಂದಿರಿಗೆ ಪಾಲು ಹೇಗೆ ಸಲ್ಲಬೇಕೆಂದು ನಿರ್ಣಯಿಸಿದ ಗ್ರಂಥವದು. ಬಂಗಾಳ, ಅಸ್ಸಾಮುಗಳನ್ನುಳಿದು ಭಾರತದ ಬಹುಭಾಗದ ನ್ಯಾಯಾಲಯಗಳು ಅದನ್ನೇ ಆಧಾರವಾಗಿ ಹಿಡಿದವು. 1956ರ ಹಿಂದೂ ಉತ್ತರಾಧಿಕಾರ ಕಾನೂನೂ ಮಿತಾಕ್ಷರದ ಅವಿಭಕ್ತ ಕುಟುಂಬವನ್ನು ಉಳಿಸಿಕೊಂಡಿತು. ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ದೊರೆತದ್ದು 2005ರಲ್ಲಿ. ಅಣ್ಣನ ರಾಜ್ಯವನ್ನು ಕಸಿದವನ ರಾಜಧಾನಿಯಲ್ಲಿ ಕುಳಿತು ದಾಯವಿಭಾಗದ ಧರ್ಮವನ್ನು ಬರೆದ ಈ ಪಂಡಿತನು, ತನ್ನ ದೊರೆಗೆ ಸಮನಾದ ದೊರೆಯಿಲ್ಲವೆಂದು ಹೊಗಳಿಯೂ ಇದ್ದಾನೆ.

1126ರಲ್ಲಿ ವಿಕ್ರಮನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವನು ಅವನ ಮಗ, ಮಾನಸೋಲ್ಲಾಸದ ಕರ್ತೃ. ಅವನೂ ತಂದೆಯ ಚರಿತೆಯನ್ನು ಬರೆಯಲು ಕೈಹಾಕಿದನು. ಆ ಮಗನ ಹೆಸರು ಸೋಮೇಶ್ವರ: ತಾತನ ಹೆಸರೂ ಹೌದು, ಸೆರೆಗೆ ಬಿದ್ದ ದೊಡ್ಡಪ್ಪನ ಹೆಸರೂ ಹೌದು.