ಹೆಣ್ಣು ಪತಂಗ ಕರೆಯುವುದು ಹೇಗೆ? ಉತ್ತರ ಹುಡುಕಿದ ಬಡ ಮೇಷ್ಟ್ರ ಕಥೆ

ಮಳೆಗಾಲದಲ್ಲಿ ಕೊಲ್ಲೂರು, ಬೈಂದೂರು ಕಡೆ ಗೋಡೆಯ ಮೇಲೆ ಅಂಗೈಗಿಂತ ದೊಡ್ಡ ಪತಂಗ ಕಂಡರೆ ಅದರ ಫೋಟೊ ಕೂಡಲೇ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ರೆಕ್ಕೆಯ ತುದಿ ಹಾವಿನ ತಲೆಯಂತಿರುವುದರಿಂದ ಅದು ವಿಷದ ಹುಳು ಎಂಬ ಮಾತೂ ಸೇರಿಕೊಳ್ಳುತ್ತದೆ. ನಿಜವೆಂದರೆ ಅಟ್ಲಾಸ್ ಪತಂಗಕ್ಕೆ ವಿಷವಿಲ್ಲ. ಕಚ್ಚಲು, ತಿನ್ನಲು ಕೆಲಸಕ್ಕೆ ಬರುವ ಬಾಯಿಯೂ ಇಲ್ಲ. ಅದರ ಆಯುಸ್ಸು ಹೆಚ್ಚೆಂದರೆ ಒಂದೆರಡು ವಾರ. ಅಷ್ಟರೊಳಗೆ ಕತ್ತಲಲ್ಲೇ ಜೋಡಿ ಹುಡುಕಬೇಕು. ಹೇಗೆ ಹುಡುಕುತ್ತದೆ?

ಇದೇ ಜಾತಿಯ ಪ್ರಶ್ನೆಗೆ ವರ್ಷಗಟ್ಟಲೆ ಅಂಟಿಕೊಂಡವರು ಫ್ರಾನ್ಸಿನ ಜೀನ್ ಹೆನ್ರಿ ಫಾಬ್ರೆ.

ಫಾಬ್ರೆ ಹುಟ್ಟಿದ್ದು 1823ರಲ್ಲಿ, ಬಡ ಹಳ್ಳಿ ಕುಟುಂಬದಲ್ಲಿ. ವಿದ್ಯಾರ್ಥಿವೇತನದಲ್ಲಿ ಓದಿ, ಹದಿಹರೆಯದಲ್ಲೇ ಶಾಲಾ ಮೇಷ್ಟ್ರಾದರು. ಸಂಬಳ ಸಾಲದೆ ಮಂಜಿಷ್ಠದಂಥ ಗಿಡದ ಬೇರಿನಿಂದ ಕೆಂಪು ಬಣ್ಣ ತೆಗೆಯುವ ಉದ್ಯೋಗಕ್ಕೆ ಕೈಹಾಕಿದರು. ಅಷ್ಟರಲ್ಲಿ ಜರ್ಮನಿಯಲ್ಲಿ ಕೃತಕ ಬಣ್ಣ ಬಂತು, ಅವರ ಶ್ರಮ ನೀರುಪಾಲಾಯಿತು. ಅವಿನ್ಯೋನ್ ಊರಿನಲ್ಲಿ ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಹೂವಿನ ಪರಾಗಸ್ಪರ್ಶ ಹೇಗಾಗುತ್ತದೆಂದು ಪಾಠ ಮಾಡಿದ್ದೇ ತಪ್ಪಾಗಿ, ಕೆಲಸವೂ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಆಗ ಸಾಲ ಕೊಟ್ಟು ಕೈಹಿಡಿದವರು ಗೆಳೆಯ, ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್.

ಮಕ್ಕಳಿಗಾಗಿ ವಿಜ್ಞಾನ ಪುಸ್ತಕ ಬರೆದು ದುಡಿದ ಹಣದಲ್ಲಿ ಫಾಬ್ರೆ 1879ರಲ್ಲಿ ಸೆರಿನ್ಯಾನ್ ಹಳ್ಳಿಯಲ್ಲಿ ಕಲ್ಲುಮುಳ್ಳಿನ ಪಾಳುಜಾಗ ಕೊಂಡರು. ಅದೇ ಅವರ ಪ್ರಯೋಗಶಾಲೆ.

ಒಂದು ಮೇ 6ರ ಬೆಳಿಗ್ಗೆ ಅಲ್ಲಿ ಗೂಡಿನಿಂದ ಹೆಣ್ಣು ನವಿಲು ಪತಂಗವೊಂದು ಹೊರಬಂತು. ಬಾದಾಮಿ ಎಲೆ ತಿಂದು ಬೆಳೆಯುವ ಇದು ನಮ್ಮ ಅಟ್ಲಾಸ್‌ನ ದಾಯಾದಿ. ಫಾಬ್ರೆ ಅದನ್ನು ಜಾಲರಿಯೊಳಗೆ ಇಟ್ಟರು. ರಾತ್ರಿ ಒಂಬತ್ತರ ಸುಮಾರಿಗೆ ಮಗ ಪಾಲ್ ಬೊಬ್ಬೆ ಹೊಡೆದ. ಹೋಗಿ ನೋಡಿದರೆ ಮನೆ ತುಂಬಾ ಗಂಡು ಪತಂಗಗಳು, ಸುಮಾರು ನಲವತ್ತು!

ಕಣ್ಣಿನಿಂದಲೋ, ಮೂಗಿನಿಂದಲೋ? ಹೆಣ್ಣನ್ನು ಭದ್ರವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟಾಗ ಒಂದೂ ಬರಲಿಲ್ಲ. ಸಂದಿ ಬಿಟ್ಟಾಗ ಬಂದವು. ಸುತ್ತ ನುಸಿಗುಳಿಗೆ ಇಟ್ಟರೂ ಬಂದವು. ಫಾಬ್ರೆಯವರ ಮೂಗಿಗೆ ಮಾತ್ರ ಯಾವ ವಾಸನೆಯೂ ಸಿಗಲಿಲ್ಲ. ಹಾಗಾಗಿ ವಾಸನೆ ಎನ್ನಲು ಅವರೇ ಹಿಂಜರಿದರು.

ಮುಂದೆ ಓಕ್ ಮರದ ಇನ್ನೊಂದು ಪತಂಗ ಗಂಟು ಬಿಚ್ಚಿತು. ಹೆಣ್ಣನ್ನು ಗಾಜಿನ ಗಂಟೆಯೊಳಗೆ ಎದುರಿಗೇ ಇಟ್ಟರು. ಗಂಡುಗಳು ಅದನ್ನು ಕಡೆಗಣಿಸಿ, ಹಿಂದಿನ ರಾತ್ರಿ ಅದು ಕುಳಿತಿದ್ದ ಖಾಲಿ ಜಾಲರಿಗೆ ಮುತ್ತಿದವು! ಕರೆಯುವುದು ರೂಪವಲ್ಲ, ಮನುಷ್ಯರ ಮೂಗಿಗೆ ನಿಲುಕದ ವಾಸನೆ ಎಂದು ಆಗ ಖಚಿತವಾಯಿತು. ಗಂಡು ಅದನ್ನು ಗ್ರಹಿಸುವುದು ಕುಡಿಮೀಸೆಯಿಂದ ಎಂಬುದು ಈಗ ಗೊತ್ತು.

ಕೀಟಗಳ ಬಗ್ಗೆ ಹತ್ತು ಸಂಪುಟ ಬರೆದ ಫಾಬ್ರೆ 1915ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವಾಸನೆಯ ರಾಸಾಯನಿಕವನ್ನು ಅವರು ನೋಡಲಿಲ್ಲ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಕೆಲವೇ ಮಿಲಿಗ್ರಾಂ ತೆಗೆದು ಅದನ್ನು ಗುರುತಿಸಿತು. ಫೆರೊಮೋನ್ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ.

ಇಂದು ಕುಂದಾಪುರ, ಬ್ರಹ್ಮಾವರದ ರೈತರು ಭತ್ತದ ಕಾಂಡಕೊರಕಕ್ಕೋ ಬದನೆಯ ಕಾಯಿಕೊರಕಕ್ಕೋ ಕಟ್ಟಬಹುದಾದ ಮೋಹಕ ಬಲೆ ಇದೇ ಖಾಲಿ ಜಾಲರಿ. ಒಳಗೆ ಹೆಣ್ಣಿಲ್ಲ, ಅದರ ವಾಸನೆಯ ಲೂರ್ ಮಾತ್ರ ಇದೆ.

ಹಾಗಾದರೆ ಒಂದು ಬಲೆ ಕಟ್ಟಿದರೆ ಎಲ್ಲ ಹುಳು ಮಾಯ ಎಂಬ ಫಾರ್ವರ್ಡ್ ನಿಜವೇ? ಅಲ್ಲ. ಫಾಬ್ರೆ ಕೋಣೆಗೆ ಬಂದದ್ದನ್ನು ನೆನಪಿಸಿಕೊಳ್ಳಿ: ಬಂದದ್ದು ಆ ಜಾತಿಯ ಗಂಡುಗಳು. ಪತಂಗದ ಬಲೆಗೂ ಬೀಳುವುದು ಅವೇ. ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಒಂದೆರಡು ಬಲೆ ಇದ್ದರೆ ಅದು ಲೆಕ್ಕ ಹೇಳುವ ಕಾವಲುಗಾರ: ಹುಳು ಬಂತೇ, ಹೆಚ್ಚುತ್ತಿದೆಯೇ, ಮದ್ದು ಹೊಡೆಯುವ ಅಗತ್ಯವಿದೆಯೇ ಎಂದು ತಿಳಿಸುತ್ತದೆ. ಹುಳುವನ್ನೇ ಕಡಿಮೆ ಮಾಡಬೇಕಾದರೆ ಹೆಚ್ಚು ಬಲೆ ಬೇಕು, ಅಕ್ಕಪಕ್ಕದ ಗದ್ದೆಯವರೂ ಜೊತೆಯಾದರೆ ಒಳ್ಳೆಯದು.

ತೆಂಗಿನ ಕುರುವಾಯಿ ದುಂಬಿ, ಕೆಂಪುಮೂತಿ ಹುಳುವಿನ ಲೂರ್ ಬೇರೆಯೇ. ಅವು ಪತಂಗವಲ್ಲ, ಅವುಗಳಲ್ಲಿ ವಾಸನೆ ಬಿಡುವುದು ಗಂಡು, ಎರಡೂ ಲಿಂಗದವು ಬರುತ್ತವೆ. ಆದ್ದರಿಂದ ಲೂರ್ ಕೊಳ್ಳುವಾಗ ಪೊಟ್ಟಣದ ಮೇಲೆ ಕೀಟದ ಹೆಸರು ನೋಡಿ. ಎಷ್ಟು ಬಲೆ, ಎಷ್ಟು ದಿನಕ್ಕೆ ಲೂರ್ ಬದಲಿಸಬೇಕು ಎಂಬುದನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಮುಂದಿನ ಮಳೆಗಾಲದಲ್ಲಿ ಗೋಡೆಯ ಮೇಲೆ ಅಟ್ಲಾಸ್ ಕಂಡರೆ ಹೊಡೆಯಬೇಡಿ. ಪಾಪ, ಅದಕ್ಕಿರುವುದು ಕೆಲವೇ ದಿನ.