ಚಾರ್ಲ್ಸ್ ಬ್ಯಾಬೇಜ್: ಕಾಗದಗಳು ಕಾಪಾಡಿದ ಕೀರ್ತಿ

ಮನುಷ್ಯನ ಪ್ರಯತ್ನವು ಅವನ ಕಣ್ಣೆದುರಿಗೇ ಫಲಿಸಬೇಕೆಂಬ ನಿಯಮವಿಲ್ಲ. ಒಬ್ಬನು ಬಿತ್ತಿದುದನ್ನು ಬಹುಕಾಲದ ಮೇಲೆ ಬೇರೊಬ್ಬರು ಕೊಯ್ಯುವುದುಂಟು. ಆದರೆ ಅಲ್ಲಿಯವರೆಗೆ ಬೀಜವನ್ನು ಕಾಪಿಟ್ಟವರು ಇರಬೇಕು. ಗಣಕಯಂತ್ರದ ಮೂಲಪುರುಷನೆಂದು ಹೆಸರಾದ ಚಾರ್ಲ್ಸ್ ಬ್ಯಾಬೇಜನ ಚರಿತ್ರೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಬ್ಯಾಬೇಜನು 1791ನೆಯ ಇಸವಿ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ಸಾಹುಕಾರನ ಮನೆಯಲ್ಲಿ ಜನಿಸಿದನು. ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಅಲ್ಲಿಯ ಗಣಿತಬೋಧನೆಯು ಫ್ರಾನ್ಸ್ ಮೊದಲಾದ ದೇಶಗಳದಕ್ಕಿಂತ ಹಿಂದುಳಿದಿರುವುದನ್ನು ಕಂಡು, 1812ರಲ್ಲಿ ಹರ್ಷೆಲ್, ಪೀಕಾಕ್ ಮೊದಲಾದ ಸಹಪಾಠಿಗಳೊಡನೆ ಸಂಘವೊಂದನ್ನು ಕಟ್ಟಿ ಅದರ ಸುಧಾರಣೆಗೆ ಹೊರಟನು. ಮುಂದೆ 1828ರಿಂದ 1839ರವರೆಗೆ, ಹಿಂದೆ ನ್ಯೂಟನ್ನನು ಅಲಂಕರಿಸಿದ್ದ ಗಣಿತಪೀಠವು ಅವನದಾಗಿತ್ತು.

ಆ ಕಾಲದಲ್ಲಿ ನಾವಿಕರೂ ಜ್ಯೋತಿಶ್ಶಾಸ್ತ್ರಜ್ಞರೂ ಅಚ್ಚಾದ ಗಣಿತಕೋಷ್ಟಕಗಳನ್ನೇ ನಂಬಿದ್ದರು. ಅವುಗಳನ್ನು ಕೈಯಿಂದ ಗುಣಿಸಿ, ಕೈಯಿಂದ ನಕಲುಮಾಡಿ, ಕೈಯಿಂದಲೇ ಮೊಳೆ ಜೋಡಿಸುತ್ತಿದ್ದುದರಿಂದ ಹೆಜ್ಜೆ ಹೆಜ್ಜೆಗೂ ತಪ್ಪು ನುಸುಳುತ್ತಿದ್ದಿತು. ಕೇವಲ ಸಂಕಲನದಿಂದ ಕೋಷ್ಟಕವನ್ನು ಎಣಿಸಿ, ತಾನೇ ಅಚ್ಚಿಗೆ ಸಿದ್ಧಪಡಿಸುವ ಹಲ್ಲುಗಾಲಿಗಳ ಯಂತ್ರವನ್ನು ಬ್ಯಾಬೇಜನು ಯೋಜಿಸಿದನು. 1822ರಲ್ಲಿ ಸಣ್ಣ ಮಾದರಿಯೊಂದನ್ನು ತೋರಿಸಲು, ಮರುವರ್ಷ ಸರಕಾರವು ದ್ರವ್ಯಸಹಾಯಕ್ಕೆ ಒಪ್ಪಿತು. ಆದರೆ 1833ರಲ್ಲಿ ಯಂತ್ರಶಿಲ್ಪಿಯಾದ ಕ್ಲೆಮೆಂಟನೊಡನೆ ವಿವಾದವುಂಟಾಗಿ ಕೆಲಸವು ನಿಂತಿತು. 17,000 ಪೌಂಡುಗಳಿಗೂ ಮಿಕ್ಕಿ ವ್ಯಯವಾದ ಮೇಲೆ, 1842ರಲ್ಲಿ ಸರಕಾರವು ಕೈಬಿಟ್ಟಿತು.

ಈ ಮಧ್ಯೆ, 1834ರಿಂದ, ಆತನ ಬುದ್ಧಿಯು ಇನ್ನೂ ಉನ್ನತವಾದ ಯಂತ್ರದ ಕಡೆಗೆ ಹರಿದಿತ್ತು. ಅಂಕಿಗಳನ್ನು ಇಟ್ಟುಕೊಳ್ಳುವ ಉಗ್ರಾಣ, ಅವುಗಳನ್ನು ಗುಣಿಸಿ ಭಾಗಿಸುವ ಗಿರಣಿ, ರೇಷ್ಮೆಯ ಮಗ್ಗದಲ್ಲಿದ್ದಂತೆ ರಂಧ್ರ ಕೊರೆದ ರಟ್ಟುಗಳ ಮೂಲಕ ಆಜ್ಞೆ: ಇಂದಿನ ಗಣಕದ ಮುಖ್ಯ ಲಕ್ಷಣಗಳೆಲ್ಲ ಅದರಲ್ಲಿದ್ದವು. ಅದೂ ಸಿದ್ಧವಾಗಲಿಲ್ಲ. 1847ರಿಂದ 1849ರವರೆಗೆ ಮೊದಲಿನ ಯಂತ್ರಕ್ಕಿಂತ ಸರಳವಾದ ಎರಡನೆಯದರ ನಕಾಶೆಗಳನ್ನು ಬರೆದು, 1852ರಲ್ಲಿ ಸರಕಾರಕ್ಕೆ ಒಪ್ಪಿಸಹೋದನು. ಅದಕ್ಕೂ ಮನ್ನಣೆ ದೊರೆಯಲಿಲ್ಲ. 1871ರ ಅಕ್ಟೋಬರ್ 18ರಂದು ಆತನು ತೀರಿಕೊಂಡಾಗ ಪೂರ್ಣವಾದ ಯಂತ್ರವೊಂದೂ ಇರಲಿಲ್ಲ; ಉಳಿದುದು ನಕಾಶೆ, ಟಿಪ್ಪಣಿಯ ಪುಸ್ತಕ, ಪತ್ರ ಮತ್ತು ಲೋಹದ ತುಂಡುಗಳು.

ಇವುಗಳನ್ನು ಹಾಳುಗೆಡವದೆ ಕಾಪಾಡಿದವನು ಕಿರಿಯ ಮಗನಾದ ಹೆನ್ರಿ. ಹಿಂದೂಸ್ಥಾನದ ಸೈನ್ಯದಲ್ಲಿ ಸೇವೆ ಸಲ್ಲಿಸಿ, ನಿವೃತ್ತನಾಗಿ ಊರಿಗೆ ಮರಳಿದ ಆತನು ಉಳಿದ ಬಿಡಿಭಾಗಗಳನ್ನು ಜೋಡಿಸಿ ಕೆಲವು ವಿದ್ಯಾಸಂಸ್ಥೆಗಳಿಗೆ ಕಳುಹಿಸಿದನು. 1889ರಲ್ಲಿ ತಂದೆಯ ಯಂತ್ರಗಳ ವಿಷಯವಾದ ಬರಹಗಳನ್ನು ಪ್ರಕಟಿಸಿದನು. ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದ ತುಂಡನ್ನು ಮುಂದೆ ಅಲ್ಲಿಯ ಐಕೆನ್ ಎಂಬ ವಿದ್ವಾಂಸನು ಕಂಡು, ಬ್ಯಾಬೇಜನಲ್ಲಿ ತನ್ನ ಪೂರ್ವಸೂರಿಯನ್ನು ಗುರುತಿಸಿದನು. ಆತನು ಯೋಜಿಸಿದ ಮಹಾಗಣಕವು 1944ರಲ್ಲಿ ಹಾರ್ವರ್ಡಿನಲ್ಲಿ ನೆಲೆಗೊಂಡಿತು.

ನಕಾಶೆಗಳು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದ್ದವು. ಆಸ್ಟ್ರೇಲಿಯದ ವಿದ್ವಾಂಸ ಬ್ರಾಮ್ಲಿಯು ಅವುಗಳನ್ನು ಶ್ರದ್ಧೆಯಿಂದ ಅಭ್ಯಸಿಸಿ, ಎರಡನೆಯ ಯಂತ್ರವನ್ನು ಕಟ್ಟಬಹುದೆಂದು ಸೂಚಿಸಿದನು. 1991ರಲ್ಲಿ, ಬ್ಯಾಬೇಜನ ದ್ವಿಶತಮಾನದ ವರ್ಷದಲ್ಲಿ, ಸುಮಾರು 4,000 ಭಾಗಗಳುಳ್ಳ ಅದರ ಗಣನಾಂಗವು ಸಿದ್ಧವಾಗಿ ತಪ್ಪಿಲ್ಲದೆ ಲೆಕ್ಕಮಾಡಿತು. 2002ರಲ್ಲಿ ಮುದ್ರಣಾಂಗವೂ ಪೂರ್ಣವಾಯಿತು. ಯಂತ್ರವು ಅಸಾಧ್ಯವೆಂದವರಿಗೆ ಇದೇ ಉತ್ತರವಾಯಿತು.

ಅಮೇರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 1980ರಿಂದ ಬ್ಯಾಬೇಜನ ಹೆಸರನ್ನೇ ಹೊತ್ತ ಸಂಸ್ಥೆಯೊಂದು ಗಣಕವಿದ್ಯೆಯ ಇತಿಹಾಸಕ್ಕೆ ಸಂಬಂಧಿಸಿದ ಪತ್ರ, ದಾಖಲೆ, ಸ್ಮೃತಿಕಥನಗಳನ್ನು ಸಂಗ್ರಹಿಸುತ್ತಿರುವುದು ಯುಕ್ತವಾಗಿದೆ. ಒಂದು ಕಾಲವು ನಿರುಪಯೋಗಿಯೆಂದು ತಳ್ಳಿದ ಕಾಗದವು ಮತ್ತೊಂದು ಕಾಲಕ್ಕೆ ದಾರಿದೀಪವಾಗಬಹುದು. ಕಚೇರಿಯ ದಫ್ತರವನ್ನೋ ಮನೆಯ ಹಿರಿಯರ ಬರಹವನ್ನೋ ರದ್ದಿಗೆ ಹಾಕುವ ಮುನ್ನ ಪ್ರಾಜ್ಞರು ಹೆನ್ರಿ ಬ್ಯಾಬೇಜನನ್ನು ಒಮ್ಮೆ ನೆನೆಯುವುದು ಒಳ್ಳೆಯದು.