ಶಿಗ್ಗಾಂವಿಯಿಂದ ಸಿರಸಂಗಿಗೆ: ತ್ಯಾಗವೀರ ಲಿಂಗರಾಜರ ಜೀವನ

ಶಿಗ್ಗಾಂವಿ ತಾಲೂಕು ಎಂದೊಡನೆ ಯಾರಿಗಾದರೂ ಕನಕದಾಸರ ಬಾಡ, ಶರೀಫರ ಶಿಶುನಾಳ ಇವೆರಡು ಊರುಗಳು ನೆನಪಾಗುತ್ತವೆ. ಅದು ಸಹಜವೇ. ಆದರೆ ಶಿಗ್ಗಾಂವಿ ಊರಿನಲ್ಲಿಯೇ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಅದನ್ನು ಬಿಟ್ಟು ಹೋಗಿ, ಕೊನೆಗೆ ತಮ್ಮ ಆಸ್ತಿಯನ್ನು ಬಡವರ ಮಕ್ಕಳ ಓದಿಗೆ ಬರೆದಿಟ್ಟ ಮಹನೀಯರೊಬ್ಬರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬೆಳಗಾವಿಯ ಕಡೆಯವರು ಅವರನ್ನು ತಮ್ಮವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹುಟ್ಟಿದ ಮನೆ ನಮ್ಮದು, ಬೆಳೆದ ಮನೆ ಅವರದು. ವಿದ್ಯಾರ್ಥಿವೇತನದ ಅರ್ಜಿಯನ್ನು ವರ್ಷಕ್ಕೊಮ್ಮೆಯಾದರೂ ತುಂಬುವ ನಾವು, ಇಂಥ ವೇತನವೆಂಬುದು ನಮ್ಮ ನಾಡಿನಲ್ಲಿ ಹೇಗೆ ಬೇರು ಬಿಟ್ಟಿತೆಂಬುದನ್ನು ಅರಿಯಲು ಸಿರಸಂಗಿ ಲಿಂಗರಾಜ ದೇಸಾಯಿಯವರ ಜೀವನವನ್ನು ಒಮ್ಮೆ ನೋಡಬೇಕು.

ಅವರು ಹುಟ್ಟಿದ್ದು ೧೮೬೧ನೆಯ ಇಸವಿ ಜನವರಿ ೧೦ರಂದು, ಶಿಗ್ಗಾಂವಿಯ ಮಡ್ಲಿ ಮನೆತನದಲ್ಲಿ. ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ಆಗ ನಮ್ಮ ಸೀಮೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಪಕ್ಕದ ಸವಣೂರಿನಲ್ಲಿ ನವಾಬರ ಆಳ್ವಿಕೆಯಿತ್ತು. ಶಿಶುನಾಳದ ಶರೀಫರು ಇನ್ನೂ ಬದುಕಿದ್ದರು. ಮುಂಬಯಿಯಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ನಾಲ್ಕೇ ವರ್ಷವಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು ೧೯೧೭ರಲ್ಲಿ. ಎಂದರೆ ರಾಮಪ್ಪನ ಬಾಲ್ಯದಿಂದ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ, ನಮ್ಮ ಹಿರೇಕೆರೂರಿನ ಹುಡುಗನೊಬ್ಬನಿಗೆ ಬಿ.ಎ. ಓದಬೇಕೆಂಬ ಮನಸ್ಸಾದರೆ ಅವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ೧೮೮೦ರ ದಶಕದಲ್ಲಿ ಉಗಿಬಂಡಿ ಬರುವವರೆಗೆ ಆ ದಾರಿ ಚಕ್ಕಡಿಯದು. ದಾರಿಯ ಮಾತಿರಲಿ, ಅಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ, ಫೀ ಕೊಡುವವರಾರು? ಒಕ್ಕಲಿಗನ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ; ಆದ್ದರಿಂದ ಪ್ರಶ್ನೆಯೇ ಏಳುತ್ತಿರಲಿಲ್ಲ.

೧೮೭೨ರಲ್ಲಿ ರಾಮಪ್ಪನ ಹಣೆಬರಹ ಬದಲಾಯಿತು. ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿರುವ ಸಿರಸಂಗಿಯ ದೇಸಗತಿ ಮನೆಗೆ ಅವನನ್ನು ದತ್ತಕ ತೆಗೆದುಕೊಂಡರು. ಜಾಯಪ್ಪ ದೇಸಾಯಿಯವರ ಮನೆತನ ಅದು. ನವಲಗುಂದ-ಸಿರಸಂಗಿ ದೇಸಗತಿಯೆಂದು ಅದಕ್ಕೆ ಹೆಸರು. ರಾಮಪ್ಪ ಲಿಂಗರಾಜನಾದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ದತ್ತಕವೆಂದರೆ ನಮಗೆ ಇಂದು ಮಕ್ಕಳಿಲ್ಲದವರ ಮನೆಯ ಒಂದು ಸಮಾರಂಭವೆಂದು ತೋರಬಹುದು. ಆ ಭಾಗದಲ್ಲಿ ಹಾಗಿರಲಿಲ್ಲ. ಸಿರಸಂಗಿಯಿಂದ ಬಹಳ ದೂರವಲ್ಲದ ಕಿತ್ತೂರಿನಲ್ಲಿ ೧೮೨೪ರಲ್ಲಿ ದತ್ತುಪುತ್ರನನ್ನು ಕಂಪನಿ ಸರಕಾರ ಒಪ್ಪಲಿಲ್ಲವೆಂಬುದರಿಂದಲೇ ರಾಣಿ ಚೆನ್ನಮ್ಮನ ಯುದ್ಧವಾಯಿತು. ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬರಿಗೆ ದತ್ತಕಕ್ಕೆ ಅನುಮತಿ ಸಿಕ್ಕಲಿಲ್ಲ. ೧೮೫೮ರಲ್ಲಿ ಅಲ್ಲಿ ಬಂಡಾಯವೆದ್ದು ಆ ಸಂಸ್ಥಾನವೇ ಮುಳುಗಿತು. ಒಬ್ಬ ಬಾಲಕ ಮಡಿಲಿಗೆ ಬಂದರೆ ಮನೆತನ ಉಳಿಯಿತು, ಬರದಿದ್ದರೆ ಅಳಿಯಿತು: ಇಂಥ ನೆನಪು ಹಸಿಯಾಗಿದ್ದ ಸೀಮೆಗೆ ಶಿಗ್ಗಾಂವಿಯ ಹುಡುಗ ಹೋಗಿ ಸೇರಿದ. ಅವನನ್ನು ಕರೆದೊಯ್ದದ್ದು ಒಂದೇ ಕೆಲಸಕ್ಕಾಗಿ: ವಂಶದ ಹೆಸರನ್ನೂ ಆಸ್ತಿಯನ್ನೂ ಮುಂದಿನ ತಲೆಗೆ ದಾಟಿಸುವುದು.

ಲಿಂಗರಾಜರಿಗೆ ಹದಿನೈದು ತುಂಬಿದ ವರ್ಷ, ೧೮೭೬ರಲ್ಲಿ, ಡೋಗಿ ಬರವೆಂದು ನಮ್ಮ ಅಜ್ಜ-ಅಮ್ಮಂದಿರ ಬಾಯಲ್ಲಿ ಉಳಿದು ಬಂದಿರುವ ಮಹಾಕ್ಷಾಮ ತೊಡಗಿತು. ಎರಡು ವರ್ಷ ಅದು ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳನ್ನು ಸುಟ್ಟಿತು. ಹೊಲವನ್ನೇ ನಂಬಿದವನ ಗತಿ ಏನಾಗುತ್ತದೆಂಬುದನ್ನು ಹೊಲದ ಒಡೆಯನಾಗಬೇಕಾಗಿದ್ದ ತರುಣ ಕಣ್ಣಾರೆ ಕಂಡಿರಲೇಬೇಕು.

ಅದೇ ಕಾಲಕ್ಕೆ ಧಾರವಾಡದಲ್ಲಿ ಒಂದು ಹೊಸ ಗಾಳಿ ಬೀಸತೊಡಗಿತ್ತು. ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಸೇರಿ ೧೮೮೩ರಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ಒಂದು ವಿದ್ಯಾನಿಧಿಯನ್ನು ಆರಂಭಿಸಿದರು. ಅರಟಾಳ ಎಂಬುದೂ ಶಿಗ್ಗಾಂವಿ ತಾಲೂಕಿನ ಊರೇ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಹಳ್ಳಿಹಳ್ಳಿಯಿಂದ ವರ್ಗಣಿ ಕೂಡಿಸಿ ಹುಡುಗರಿಗೆ ಓದಿಸುವ ಈ ಕಲ್ಪನೆ ಆಗ ಹೊಚ್ಚ ಹೊಸದು. ದೇವಸ್ಥಾನಕ್ಕೆ, ಮಠಕ್ಕೆ, ದಾಸೋಹಕ್ಕೆ ಕೊಡುವುದು ನಮ್ಮ ಜನಕ್ಕೆ ರಕ್ತಗತವಾಗಿತ್ತು; ಪರಊರಿನ ಹುಡುಗನೊಬ್ಬನ ಇಂಗ್ಲೀಷ್ ಓದಿಗೆ ಕೊಡುವುದು ಪುಣ್ಯವೇ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.

ಆ ಪ್ರಶ್ನೆಯನ್ನು ಬಿಡಿಸುವುದರಲ್ಲಿ ಹಾನಗಲ್ಲಿನ ಪಾತ್ರವೂ ದೊಡ್ಡದು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದ ಸಂನ್ಯಾಸಿಗಳು. ಅವರ ಪ್ರಯತ್ನದಿಂದ ೧೯೦೪ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಕೂಡಿತು. ಅದರ ಅಧ್ಯಕ್ಷತೆ ವಹಿಸಿದವರು ಲಿಂಗರಾಜರು. ಒಬ್ಬರ ಕೈಯಲ್ಲಿ ಜೋಳಿಗೆ, ಇನ್ನೊಬ್ಬರ ಕೈಯಲ್ಲಿ ದೇಸಗತಿ. ಇಬ್ಬರೂ ನಮ್ಮ ಸೀಮೆಯಿಂದ ಬಂದವರು. ಕುಮಾರಸ್ವಾಮಿಗಳು ಪ್ರತಿಭೆಯನ್ನು ಗುರುತಿಸಿ ಪೋಷಿಸುವುದರಲ್ಲಿ ಎಂಥವರೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನೆಂಬ ಕುರುಡ ಬಾಲಕನಿಗೆ ಅವರು ಸಂಗೀತದ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಅಲ್ಲಿ ಅರ್ಜಿಯಿರಲಿಲ್ಲ, ಆದಾಯದ ದಾಖಲೆಯಿರಲಿಲ್ಲ. ಹುಡುಗನ ಕಂಠವೇ ದಾಖಲೆ.

ಲಿಂಗರಾಜರ ವಿಷಯಕ್ಕೆ ಮರಳೋಣ. ಅವರ ಹಿಂದೆ ಆಸ್ತಿಗೆ ನಿಲ್ಲುವ ಮಕ್ಕಳಿರಲಿಲ್ಲ. ಆ ಕಾಲದ ರೂಢಿಯಂತೆ ಇದಕ್ಕೆ ಒಂದೇ ಪರಿಹಾರ: ಇನ್ನೊಬ್ಬ ರಾಮಪ್ಪನನ್ನು ಎಲ್ಲಿಂದಲಾದರೂ ತಂದು ಮಡಿಲಲ್ಲಿ ಹಾಕಿಕೊಳ್ಳುವುದು. ತಾವೇ ಹಾಗೆ ಬಂದವರು. ಆದರೆ ಅವರು ಬೇರೆ ದಾರಿ ಹಿಡಿದರು. ೧೯೦೬ರಲ್ಲಿ ಮೃತ್ಯುಪತ್ರ ಬರೆದು, ತಮ್ಮ ಆಸ್ತಿಯ ಉತ್ಪನ್ನ ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಗೊತ್ತುಪಡಿಸಿದರು. ಅದೇ ವರ್ಷ ಆಗಸ್ಟ್ ೨೩ರಂದು ತೀರಿಕೊಂಡರು. ಆಗ ಅವರಿಗೆ ೪೫ ವರ್ಷ. ಆ ದತ್ತಿಯೇ ನವಲಗುಂದ-ಸಿರಸಂಗಿ ಟ್ರಸ್ಟ್ ಎಂದು ಹೆಸರಾಯಿತು. ಅವರು ಜನರ ಬಾಯಲ್ಲಿ ತ್ಯಾಗವೀರರಾದರು.

ತ್ಯಾಗವೀರ ಎಂಬ ಬಿರುದನ್ನು ನಾವು ಭಾಷಣಗಳಲ್ಲಿ ಬಹಳ ಸುಲಭವಾಗಿ ಆಡುತ್ತೇವೆ. ಅವರು ಬಿಟ್ಟುಕೊಟ್ಟದ್ದು ಹಣವನ್ನಷ್ಟೇ ಅಲ್ಲವೆಂದು ನನಗೆ ತೋರುತ್ತದೆ. ಯಾವ ಕೆಲಸಕ್ಕಾಗಿ ಅವರನ್ನು ಶಿಗ್ಗಾಂವಿಯಿಂದ ಕರೆತಂದಿದ್ದರೋ, ಆ ಕೆಲಸವನ್ನೇ ಅವರು ಬಿಟ್ಟುಕೊಟ್ಟರು. ಒಬ್ಬ ವಾರಸುದಾರನ ಸ್ಥಾನದಲ್ಲಿ ತಾವು ಮುಖ ನೋಡದ, ಹೆಸರು ತಿಳಿಯದ, ಇನ್ನೂ ಹುಟ್ಟಿರದ ಹುಡುಗರನ್ನು ಕುಳ್ಳಿರಿಸಿದರು. ಬಂಧುಬಳಗದ ನಡುವೆ ಬಾಳಿದ ದೇಸಾಯಿಯೊಬ್ಬರಿಗೆ ಇದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಒಂದೆಕರೆ ಹೊಲಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ಕಂಡ ನಮ್ಮ ಹಳ್ಳಿಗರು ಚೆನ್ನಾಗಿ ಬಲ್ಲರು.

ವಿಚಿತ್ರವೆಂದರೆ ಅದೇ ಹತ್ತು-ಹನ್ನೆರಡು ವರ್ಷಗಳಲ್ಲಿ ಜಗತ್ತಿನ ಬೇರೆಡೆಗಳಲ್ಲಿಯೂ ಇಂಥ ಮೃತ್ಯುಪತ್ರಗಳು ಹುಟ್ಟಿದವು. ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್ ೧೮೯೫ರಲ್ಲಿ ತನ್ನ ಮೃತ್ಯುಪತ್ರಕ್ಕೆ ಸಹಿ ಮಾಡಿ ಮರುವರ್ಷ ತೀರಿಕೊಂಡ. ನೆಂಟರು ತಕರಾರು ಎತ್ತಿದರು. ಬಹುಮಾನಗಳು ಆರಂಭವಾಗಲು ೧೯೦೧ ಬಂತು. ಸೆಸಿಲ್ ರೋಡ್ಸ್ ೧೯೦೨ರಲ್ಲಿ ತೀರಿಕೊಂಡು ಆಕ್ಸ್‌ಫರ್ಡ್ ಓದಿಗೆ ವಿದ್ಯಾರ್ಥಿವೇತನ ಬಿಟ್ಟುಹೋದ. ಇಬ್ಬರಿಗೂ ಮಕ್ಕಳಿರಲಿಲ್ಲ. ನೊಬೆಲ್ ಸಿಡಿಮದ್ದಿನಿಂದ, ರೋಡ್ಸ್ ಆಫ್ರಿಕದ ವಜ್ರದಿಂದ ಗಳಿಸಿದ್ದನ್ನು ಕೊಟ್ಟರು. ಲಿಂಗರಾಜರು ಕೊಟ್ಟದ್ದು ಎರೆಭೂಮಿಯ ಜೋಳ-ಹತ್ತಿಯ ಉತ್ಪನ್ನ. ಆ ಜೋಳವನ್ನು ಬೆಳೆದ ಕೈ ದೇಸಾಯಿಯವರದಲ್ಲ, ಲಾವಣಿ ಹಾಕಿಕೊಂಡ ರೈತರದು ಎಂಬುದನ್ನೂ ಮರೆಯಬಾರದು. ಎಷ್ಟೋ ಹುಡುಗರ ಫೀಯನ್ನು ಆ ರೈತರೇ ತಮಗೆ ಗೊತ್ತಿಲ್ಲದೆ ತುಂಬಿದರು. ಅವರ ಸ್ವಂತ ಮಕ್ಕಳಲ್ಲಿ ಎಷ್ಟು ಜನ ಶಾಲೆಯ ಮೆಟ್ಟಿಲು ಹತ್ತಿದರೋ!

ಇನ್ನೊಂದು ಮಾತು, ಹಿರಿಯರು ಮನ್ನಿಸಬೇಕು. ಲಿಂಗರಾಜರ ದತ್ತಿಗೆ ಒಂದು ಬೇಲಿಯಿತ್ತು. ನಾನು ಆ ಬೇಲಿಯ ಹೊರಗಿನ ಮನೆಯಲ್ಲಿ ಹುಟ್ಟಿದವನು; ನಮ್ಮ ಮನೆಯಲ್ಲಿ ಕಾಲೇಜು ಕಂಡ ಮೊದಲನೆಯವನು. ಆದ್ದರಿಂದ ಅವರನ್ನು ಹೊಗಳುವಾಗ ಬೇಲಿಯೂ ನನ್ನ ಕಣ್ಣಿಗೆ ಬೀಳುತ್ತದೆ. ಆದರೆ ಆ ಕಾಲದ ದತ್ತಿಗಳಲ್ಲಿ ಬೇಲಿಯಿಲ್ಲದ್ದು ಅಪರೂಪ. ರೋಡ್ಸ್ ವೇತನದಲ್ಲಿ ಮೊದಲಿಗೆ ಹಿಂದುಸ್ಥಾನಕ್ಕೆ ಪಾಲಿರಲಿಲ್ಲ. ಹೆಣ್ಣುಮಕ್ಕಳಿಗೆ ಅದು ದೊರೆತದ್ದು ೧೯೭೭ರಲ್ಲಿ. ಜಮ್‌ಶೇಟಜಿ ಟಾಟಾ ೧೮೯೨ರಲ್ಲಿ ವಿದೇಶದ ಉಚ್ಚ ಶಿಕ್ಷಣಕ್ಕೆಂದು ತೆರೆದ ನಿಧಿಯೂ ಆರಂಭದಲ್ಲಿ ಪಾರಸಿಗಳಿಗೆ ಮಾತ್ರ ಇತ್ತು. ಎರಡು ವರ್ಷಗಳಲ್ಲಿ ಅದನ್ನು ಎಲ್ಲ ಭಾರತೀಯರಿಗೂ ತೆರೆದರು. ಮೊದಲು ತನ್ನ ಓಣಿಗೆ ದೀಪ ಹಚ್ಚುವುದು ಮನುಷ್ಯಸ್ವಭಾವ. ಆ ಬೆಳಕಿನಲ್ಲಿ ಓದಿದವರು ಮುಂದೆ ಕಟ್ಟಿದ ಶಾಲೆಗಳ ಬಾಗಿಲು ಯಾರು ಯಾರಿಗೆ ತೆರೆಯಿತೆಂಬುದನ್ನು ನೋಡಿ ದತ್ತಿಯ ಬೆಲೆ ಕಟ್ಟಬೇಕೆಂದು ನನ್ನ ಅಭಿಪ್ರಾಯ.

ಅಂಥ ಕಟ್ಟೋಣ ಬೇಗನೆ ಆಯಿತು. ಲಿಂಗರಾಜರು ತೀರಿಕೊಂಡು ಹತ್ತು ವರ್ಷವಾಗಿತ್ತು. ೧೯೧೬ರ ನವೆಂಬರ್ ೧೩ರಂದು ಏಳು ಜನ ತರುಣರು ಬೆಳಗಾವಿಯಲ್ಲಿ ಒಂದು ಶಾಲೆಯನ್ನು ತೆರೆದರು. ಆ ಕಾಲಕ್ಕೆ ಪದವೀಧರನೆಂದರೆ ಸರಕಾರದ ದೊಡ್ಡ ನೌಕರಿ ಮನೆಯ ಬಾಗಿಲಿಗೆ ಬರುತ್ತಿತ್ತು. ಅದನ್ನು ಬಿಟ್ಟು ಇವರು ಮಾಸ್ತರಿಕೆಗೆ ನಿಂತರು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಎಂದರೆ ಇಂದಿನ ಕೆ.ಎಲ್.ಇ. ಸಂಸ್ಥೆ, ಹುಟ್ಟಿದ್ದು ಹೀಗೆ. ಆ ಶಾಲೆಗೆ ಮುಂದೆ ಗಿಲಗಂಚಿ-ಅರಟಾಳ ಹೈಸ್ಕೂಲೆಂಬ ಹೆಸರು ಬಂತು. ೧೯೩೩ರಲ್ಲಿ ಸಂಸ್ಥೆ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಇಟ್ಟ ಹೆಸರು ಲಿಂಗರಾಜ ಕಾಲೇಜು. ಮಕ್ಕಳಿಲ್ಲದೆ ತೀರಿಕೊಂಡ ದೇಸಾಯಿಯವರ ಹೆಸರು ಅಂದಿನಿಂದ ಎಷ್ಟೋ ತಲೆಮಾರಿನ ಹುಡುಗ-ಹುಡುಗಿಯರ ಪ್ರಮಾಣಪತ್ರಗಳ ಮೇಲೆ ಅಚ್ಚಾಗುತ್ತ ಬಂದಿದೆ.

ಭೂಮಿಯ ಕತೆಯೂ ಬದಲಾಯಿತು. ಸ್ವಾತಂತ್ರ್ಯದ ನಂತರ ವತನಗಳು ರದ್ದಾದವು. ೧೯೭೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಉಳುವವನೇ ಒಡೆಯನೆಂಬ ಕಾನೂನು ಕರ್ನಾಟಕದಲ್ಲಿ ನೆಲೆಯೂರಿತು. ಹೊಲದ ಲಾವಣಿಯನ್ನೇ ನೆಚ್ಚಿದ ದತ್ತಿಗಳಿಗೆ ಅದು ಕಷ್ಟದ ಕಾಲ, ಲಾವಣಿ ರೈತನಿಗೆ ಹಬ್ಬದ ಕಾಲ. ಹುಡುಗರಿಗೆ ಓದಿಸುವ ಭಾರ ಬಹುಮಟ್ಟಿಗೆ ಸರಕಾರದ ಹೆಗಲಿಗೆ ಬಂತು. ೨೦೨೧ರಲ್ಲಿ ರೈತರ ಮಕ್ಕಳಿಗೆಂದೇ ರೈತ ವಿದ್ಯಾನಿಧಿ ಎಂಬ ಶಿಷ್ಯವೇತನವೂ ಆರಂಭವಾಯಿತು. ಜೋಳ ಬೆಳೆದ ಕೈಯ ಮಕ್ಕಳಿಗೆ ಅವರ ಹೆಸರಿನಲ್ಲಿಯೇ ಒಂದು ವೇತನ ಬರಲು ಲಿಂಗರಾಜರ ಮೃತ್ಯುಪತ್ರದಿಂದ ಎಣಿಸಿದರೆ ೧೧೫ ವರ್ಷ ಹಿಡಿಯಿತು.

ರಾಮಪ್ಪನೆಂಬ ಹುಡುಗ ಬಿಟ್ಟುಹೋದ ಶಿಗ್ಗಾಂವಿ ತಾಲೂಕಿನಲ್ಲಿ, ಗೊಟಗೋಡಿಯ ಬಯಲಿನಲ್ಲಿ, ೨೦೧೧ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆ ಬಯಲಿನಿಂದ ಬಾಡಕ್ಕೂ ಶಿಶುನಾಳಕ್ಕೂ ಕೈಗಂಬಗಳಿವೆ. ಮಡ್ಲಿಯವರ ಮನೆಗೆ ದಾರಿ ತೋರಿಸುವ ಕೈಗಂಬವನ್ನು ನಾನು ಇದುವರೆಗೆ ಕಂಡಿಲ್ಲ.